ಪ್ರಶ್ನೆಯೇ ಬಂಡವಾಳ

ಹಣ ತೊಡಗಿಸುವವನು ಲಾಭದೊಡನೆ ನಷ್ಟದ ಸಂಭವವನ್ನೂ ಅಳೆಯಬೇಕು. ಹಣಕಾಸು ಶಾಸ್ತ್ರದ ಸ್ನಾತಕೋತ್ತರ ತರಗತಿಗಳಲ್ಲಿ ಇಂದು ತಪ್ಪದೆ ಕಲಿಸುವ ಈ ತತ್ತ್ವವನ್ನು ಗಣಿತದಲ್ಲಿ ನಿರೂಪಿಸಿದವರು ಒಬ್ಬ ವಿದ್ಯಾರ್ಥಿ.

ಹ್ಯಾರಿ ಮಾರ್ಕೊವಿಟ್ಜ್ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪದವಿಗಾಗಿ ಓದುತ್ತಿದ್ದರು. ಪ್ರಬಂಧದ ವಿಷಯ ಕೇಳಲು ಗುರುಗಳ ಕೊಠಡಿಯ ಹೊರಗೆ ಕಾದಿದ್ದಾಗ, ಅಲ್ಲಿದ್ದ ದಲ್ಲಾಳಿಯೊಬ್ಬರು ಷೇರು ಪೇಟೆಗೆ ಗಣಿತವನ್ನು ಅನ್ವಯಿಸಬಹುದೆಂದು ಸೂಚಿಸಿದರು. ಗುರುಗಳೂ ಒಪ್ಪಿದರು. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಜಾನ್ ಬರ್ ವಿಲಿಯಮ್ಸ್ ಅವರ ಗ್ರಂಥವನ್ನು ಓದುತ್ತಿದ್ದಾಗ ಮಾರ್ಕೊವಿಟ್ಜರಿಗೆ ಸಂದೇಹವೊಂದು ಹುಟ್ಟಿತು. ಲಾಭವೊಂದೇ ಗುರಿಯಾದರೆ ಹಣವನ್ನೆಲ್ಲ ಒಂದೇ ಷೇರಿನಲ್ಲಿ ಹಾಕಬೇಕಲ್ಲವೆ? ಜನರು ಅದನ್ನು ಹಲವೆಡೆ ಹಂಚುವುದೇಕೆ? ಒಂದು ಸೋತರೆ ಇನ್ನೊಂದು ಕೈಹಿಡಿಯಲೆಂದು! 1952ರಲ್ಲಿ ಈ ವಿಚಾರ ಲೇಖನವಾಗಿ ಪ್ರಕಟವಾಯಿತು.

ಆದರೆ ಪ್ರಬಂಧದ ಪರೀಕ್ಷೆಯಲ್ಲಿ ಪ್ರಾಧ್ಯಾಪಕ ಮಿಲ್ಟನ್ ಫ್ರೀಡ್‌ಮನ್ನರು ಇದು ಅರ್ಥಶಾಸ್ತ್ರವೇ ಅಲ್ಲವೆಂದು ವಾದಿಸಿದರು. ವರ್ಷಗಳ ದುಡಿಮೆ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಪದವಿ ದೊರೆಯಿತು. ಅದೇ ವಿಚಾರಕ್ಕಾಗಿ 1990ರಲ್ಲಿ ಮಾರ್ಕೊವಿಟ್ಜರು ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದರು.

ವೃತ್ತಿಗೆ ಬೇಕಾದ ಸೂತ್ರಗಳನ್ನು ಪುಸ್ತಕ ಕಲಿಸೀತು. ಓದಿದ್ದನ್ನು ಪ್ರಶ್ನಿಸುವ ಧೈರ್ಯವನ್ನು ವಿದ್ಯಾರ್ಥಿಯೇ ಗಳಿಸಿಕೊಳ್ಳಬೇಕು.