ಬರೆದಿಟ್ಟ ಸಂಗೀತ

ಅಕ್ಕಂದಿರೇ, ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್ ಸೆಟ್ ನೋಡಿದ್ದೀರಲ್ಲ? ಹಿತ್ತಾಳೆ ವಾದ್ಯಗಳು ಥಳಥಳ ಹೊಳೆಯುತ್ತವೆ. ತುಟಿಗೆ ಹಿಡಿದು ಊದಬೇಕು. ಇಂಗ್ಲೆಂಡಿನಲ್ಲಿ ಇಂಥ ವಾದ್ಯಗಳಲ್ಲಿ ದೇವರ ಹಾಡನ್ನೂ ನುಡಿಸುತ್ತಾರೆ. ಅದಕ್ಕಾಗಿ ಸಂಗೀತ ಬರೆದವರಲ್ಲಿ ಒಬ್ಬರು ವಿಲ್‌ಫ್ರೆಡ್ ಹೀಟನ್.

ಹೀಟನ್ ಹುಟ್ಟಿದ್ದು 1918ರಲ್ಲಿ, ಶೆಫೀಲ್ಡ್ ಎಂಬ ಊರಿನಲ್ಲಿ. ಅದು ಉಕ್ಕಿಗೆ, ಚಾಕು ಕತ್ತರಿಗೆ ಹೆಸರಾದ ಊರು. ಅವರ ಮನೆಯವರು ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯವರು. 1865ರಲ್ಲಿ ಲಂಡನ್ನಿನಲ್ಲಿ ಈ ಸಂಸ್ಥೆಯ ಕೆಲಸ ಶುರುವಾಯಿತು. ವಿಲಿಯಂ ಬೂತ್, ಅವರ ಹೆಂಡತಿ ಕ್ಯಾಥರೀನ್ ಇಬ್ಬರೂ ಸೇರಿ ಅದನ್ನು ಬೆಳೆಸಿದರು. ಕ್ಯಾಥರೀನ್ ಜನರ ಮುಂದೆ ನಿಂತು ಉಪದೇಶ ಮಾಡುತ್ತಿದ್ದರು. ಹೆಂಗಸು ಹಾಗೆ ಮಾತಾಡೋದು ಆ ಕಾಲಕ್ಕೆ ಸಣ್ಣ ವಿಷಯವಲ್ಲ. ಬೀದಿಯಲ್ಲಿ ಜನ ಸೇರಲಿ ಅಂತ ಈ ಸಂಸ್ಥೆಯವರು ಬ್ಯಾಂಡ್ ಬಾರಿಸುತ್ತಿದ್ದರು.

ಹೀಟನ್ ಹುಡುಗರಾಗಿದ್ದಾಗಲೇ ಕೆಲಸಕ್ಕೆ ಸೇರಿದರು. ಅದು ಹಿತ್ತಾಳೆ ವಾದ್ಯ ಮಾಡುವ, ರಿಪೇರಿ ಮಾಡುವ ಅಂಗಡಿ. ನೆಗ್ಗಿದ ತಂಬಿಗೆಯನ್ನು ಸರಿ ಮಾಡೋದಿಲ್ಲವೇ? ವಾದ್ಯಕ್ಕೂ ಹಾಗೇ. ನೆಗ್ಗು ತೆಗೆಯಬೇಕು, ಬಿಟ್ಟ ಕಡೆ ಬೆಸುಗೆ ಹಾಕಬೇಕು. ಈ ಕಸುಬಿನ ಜೊತೆಗೇ ಅವರು ಪಿಯಾನೋ ಕಲಿತರು. ಸಂಗೀತ ಬರೆಯೋದನ್ನೂ ಕಲಿತರು.

ಸಂಗೀತವನ್ನು ಬರೆಯೋದು ಹೇಗೆ ಅಂತೀರಾ? ಅದಕ್ಕೂ ಲಿಪಿ ಇದೆ. ಐದು ಗೆರೆ ಎಳೆಯುತ್ತಾರೆ. ಗೆರೆಯ ಮೇಲೆ, ಗೆರೆಗಳ ನಡುವೆ ಗುರುತು ಹಾಕುತ್ತಾರೆ. ಅದನ್ನು ಓದಿ ನುಡಿಸುತ್ತಾರೆ.

ಆಗ ಸಾಲ್ವೇಷನ್ ಆರ್ಮಿಯಲ್ಲಿ ಒಂದು ನಿಯಮ ಇತ್ತು. ಸಂಸ್ಥೆ ಒಪ್ಪಿ ಅಚ್ಚು ಹಾಕಿಸಿದ ಸಂಗೀತವನ್ನೇ ಅದರ ಬ್ಯಾಂಡುಗಳು ನುಡಿಸಬೇಕು. ಹೀಟನ್ ಎಲ್ಲರಿಗೂ ಗೊತ್ತಿದ್ದ ಒಂದು ಭಕ್ತಿಗೀತೆಯ ಮಟ್ಟು ತೆಗೆದುಕೊಂಡರು. ಅದನ್ನು ಹೊಸ ರೀತಿಯಲ್ಲಿ ಬರೆದರು. ಅದರ ಹೆಸರು 'ಟೊಕಾಟಾ'. ಸಂಸ್ಥೆಯವರು ಒಪ್ಪಲಿಲ್ಲ. ಬಹಳ ವರ್ಷ ಕಳೆದ ಮೇಲೆ ಅದೇ ಕೃತಿ ಅಚ್ಚಾಯಿತು.

1973ರಲ್ಲಿ ಹೀಟನ್ ಇನ್ನೊಂದು ಕೃತಿ ಬರೆದರು. ಅದು ಬ್ರಿಟನ್ನಿನ ದೊಡ್ಡ ಬ್ಯಾಂಡ್ ಸ್ಪರ್ಧೆಗಾಗಿ ಬರೆದದ್ದು. ಹೆಸರು 'ಕಾಂಟೆಸ್ಟ್ ಮ್ಯೂಸಿಕ್'. ಆ ವರ್ಷ ಅದನ್ನು ಬೇಡ ಅಂದರು. ಆದರೆ ಕಾಗದ ಹಾಗೇ ಉಳಿಯಿತು. ಒಂಬತ್ತು ವರ್ಷ ಕಳೆಯಿತು. 1982ರಲ್ಲಿ ಅದೇ ಸ್ಪರ್ಧೆಯ ಫೈನಲ್‌ಗೆ ಅದೇ ಕೃತಿಯನ್ನು ಆರಿಸಿದರು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದಾದ ಮೇಲೊಂದು ಬ್ಯಾಂಡ್ ಅದನ್ನೇ ನುಡಿಸಿತು. ವೇಲ್ಸ್ ನಾಡಿನ ಕೋರಿ ಬ್ಯಾಂಡ್ ಗೆದ್ದಿತು.

ಹೀಟನ್ 2000ದಲ್ಲಿ ತೀರಿಕೊಂಡರು. ಅವರ ಎಷ್ಟೋ ಕೃತಿಗಳು ಆಮೇಲೆ ಅಚ್ಚಾದವು. ಬಾಯಲ್ಲಿ ಹೇಳಿದ್ದು ಮರೆತುಹೋಗಬಹುದು. ಬರೆದಿಟ್ಟದ್ದು ಕಾಯುತ್ತದೆ. ನಿಮ್ಮ ಅಜ್ಜಿ ಹೇಳಿಕೊಟ್ಟ ಹಾಡು ನಿಮಗೆ ನೆನಪಿದೆಯೇ? ಇವತ್ತೇ ಬರೆದಿಡಿ.

ಓದಿ, ಉತ್ತರ ಬರೆಯಿರಿ

1. ಹೀಟನ್ ಯಾವ ಊರಿನವರು?
2. ಅವರು ಯಾವ ಅಂಗಡಿಯಲ್ಲಿ ಕೆಲಸ ಮಾಡಿದರು?
3. 1973ರಲ್ಲಿ ಬೇಡವಾದ ಕೃತಿ ಯಾವಾಗ ಬೇಕಾಯಿತು?
4. ನಿಮಗೆ ಗೊತ್ತಿರುವ ಒಂದು ಸೋಬಾನೆ ಪದವನ್ನು ಬರೆದು, ತರಗತಿಯಲ್ಲಿ ಓದಿ.