ಕೊಯ್ತಾಕ್ಕೆ ನೀರಿನ ಸಾಣೆಯೇ ಸರಿ

ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದರೆ ಜಮಖಂಡಿ, ಮುಧೋಳ ಭಾಗದ ಹೊಲಗಳಲ್ಲಿ ಕೊಯ್ತಾಕ್ಕೆ ಬಿಡುವಿಲ್ಲ. ಸಕ್ಕರೆ ಹೆಚ್ಚಿರುವುದು ಕಬ್ಬಿನ ಬುಡದಲ್ಲಿ. ಆದ್ದರಿಂದ ನೆಲಮಟ್ಟಕ್ಕೆ, ಆದಷ್ಟೂ ಒಂದೇ ಏಟಿಗೆ ಕಡಿಯಬೇಕು. ಮೊಂಡ ಕೊಯ್ತಾ ಬುಡವನ್ನು ಸೀಳುತ್ತದೆ. ಸೀಳಿದ ಬುಡದಿಂದ ಕುಳೆ ಕಬ್ಬು ಸರಿಯಾಗಿ ಚಿಗುರುವುದಿಲ್ಲ.

ಬಹಳ ಮಂದಿ ವೆಲ್ಡಿಂಗ್ ಅಂಗಡಿಯ ಗ್ರೈಂಡರ್‌ಗೆ ಕೊಯ್ತಾ ಒಡ್ಡಿ, ಕಿಡಿ ಹಾರಿದ್ದು ಕಂಡು ಖುಷಿಯಿಂದ ಮನೆಗೆ ಬರುತ್ತಾರೆ. ಆ ಕಿಡಿಯೇ ಅಪಾಯ. ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವ ಒಣ ಕಲ್ಲು ತೆಳು ಅಲಗನ್ನು ಕ್ಷಣದಲ್ಲಿ ಕಾಯಿಸುತ್ತದೆ. ಅಂಚು ನೀಲಿಗೆ ತಿರುಗಿದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದೇ ಲೆಕ್ಕ; ಕಂಬಾರ ಕಾಸಿ, ನೀರಿಗದ್ದಿ ಕೊಟ್ಟ ಹದ ಅಲ್ಲಿಗೆ ಕೆಟ್ಟಿತು. ನೀರಿನ ತೊಟ್ಟಿಯಲ್ಲಿ ನಿಧಾನವಾಗಿ, ನಿಮಿಷಕ್ಕೆ ನೂರರ ಆಸುಪಾಸು ಸುತ್ತುವ ಸಾಣೆ ಯಂತ್ರದಲ್ಲಿ ಈ ಭಯವಿಲ್ಲ.

ಮೊದಲು ತೊಟ್ಟಿಗೆ ನೀರು ತುಂಬಿ ಯಂತ್ರ ಚಾಲೂ ಮಾಡಬೇಕು. ಕಲ್ಲು ನೀರು ಕುಡಿದಂತೆ ಮಟ್ಟ ಇಳಿಯುತ್ತದೆ. ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತುಂಬಬೇಕು. ಅಲಗಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಒಮ್ಮೆ ಕಲ್ಲಿಗೆ ತಾಗಿಸಿದರೆ ಸಾಕು, ಬಣ್ಣ ಅಳಿಸಿದ ಜಾಗ ಕೋನ ಸರಿಯಿದೆಯೇ ಇಲ್ಲವೇ ಎಂಬುದನ್ನು ತೋರಿಸುತ್ತದೆ. ಕೊಯ್ತಾ, ಕೊಡಲಿಗೆ 25ರಿಂದ 30 ಡಿಗ್ರಿ, ಅಡುಗೆಮನೆಯ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಇದ್ದರೆ ಒಳ್ಳೆಯದು. ಒಂದು ಬದಿ ತಿಕ್ಕಿದ ಮೇಲೆ ಎದುರು ಬದಿಯನ್ನು ಬೆರಳಿನಿಂದ ಹಗುರಾಗಿ, ಅಂಚಿನಿಂದ ಆಚೆಗೆ ಸವರಿ ನೋಡಬೇಕು. ಉದ್ದಕ್ಕೂ ಸಣ್ಣಗೆ ಒರಟು ತಗುಲಿದರೆ ಆ ಬದಿ ಮುಗಿದಂತೆ. ಇನ್ನೊಂದು ಬದಿಗೆ ತಿರುಗಬಹುದು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ನಾಲ್ಕಾರು ಸಲ ಹಿಂದಕ್ಕೆಳೆದರೆ ಆ ಒರಟು ಉದುರುತ್ತದೆ.

ಯಂತ್ರ ಇಲ್ಲದವರಿಗೆ ಎರಡು ಬದಿಯ ಕಾರ್ಬೋರಂಡಂ ಕಲ್ಲು ಸಾಕು. ಒರಟು ಬದಿ ಮೊದಲು, ನುಣುಪು ಬದಿ ಆಮೇಲೆ, ಕಲ್ಲು ಸದಾ ಒದ್ದೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಯ ಕತ್ತರಿಗೆ ಬೇರೆಯೇ ನಿಯಮ. ಹೊರಗಿನ ಇಳಿಜಾರನ್ನಷ್ಟೇ ಸಾಣೆಗೆ ಹಿಡಿಯಬೇಕು. ಒಂದಕ್ಕೊಂದು ಉಜ್ಜುವ ಒಳಬದಿಯನ್ನು ತಿಕ್ಕಿದರೆ ನೂಲು ತುಂಡಾಗದೆ ನಡುವೆ ಮಡಚಿಕೊಳ್ಳುತ್ತದೆ. ಬೀಳಗಿ ಕಡೆಯ ಜೋಳದ ಹೊಲದಲ್ಲಿ ಹಲ್ಲಿನ ಕುಡಗೋಲು ಇದ್ದರೆ ಅದನ್ನು ಯಂತ್ರದ ಹತ್ತಿರವೂ ತರಬಾರದು. ಮೂರು ಮೂಲೆಯ ಸಣ್ಣ ಅರದಿಂದ ಒಂದೊಂದೇ ಹಲ್ಲು ತಿದ್ದಬೇಕು.

ಯಂತ್ರ ಕೆಡುವುದು ಹೆಚ್ಚಾಗಿ ಕೆಲಸ ಮುಗಿದ ಮೇಲಿನ ಅಲಕ್ಷ್ಯದಿಂದ. ತೊಟ್ಟಿಯಲ್ಲಿ ನೀರು ಬಿಟ್ಟರೆ ಕಲ್ಲಿನ ಕೆಳಭಾಗ ಮಾತ್ರ ನೀರು ಹೀರಿ ಭಾರವಾಗುತ್ತದೆ. ಮರುದಿನ ಅದು ಓಲಾಡುತ್ತ ತಿರುಗುತ್ತದೆ. ಬೋರಿನ ನೀರು ಸವಳಾಗಿದ್ದರೆ ತುಕ್ಕಿನ ಕಾಟವೂ ಸೇರಿಕೊಳ್ಳುತ್ತದೆ. ಹಾಗಾಗಿ ತೊಟ್ಟಿ ಬರಿದು ಮಾಡಿ, ಕೆಸರು ತೊಳೆದು, ದಂಡಕ್ಕೆ ಗ್ರೀಸ್ ಸವರಬೇಕು. ಸದಾ ನಡುವೆಯೇ ಹಿಡಿದರೆ ಕಲ್ಲಿಗೆ ಗುಳಿ ಬೀಳುತ್ತದೆ, ಅಲಗನ್ನು ಅಗಲಕ್ಕೂ ಸರಿಸುತ್ತಿರಬೇಕು. ಮೇಲ್ಮೈ ಹೊಳೆಯತೊಡಗಿ ಕಡಿಯದಿದ್ದರೆ ಡ್ರೆಸ್ಸರ್‌ನಿಂದ ಕೆರೆದು ಹೊಸ ಕಣ ತೆರೆಯಬೇಕು.

ಹೊಸ ಕಲ್ಲು ಜೋಡಿಸುವ ಮುನ್ನ ಪ್ಲಗ್ ಕಿತ್ತು, ಕಲ್ಲನ್ನು ತೂಗುಹಾಕಿ ಕಟ್ಟಿಗೆಯ ಹಿಡಿಕೆಯಿಂದ ಮೆಲ್ಲಗೆ ಬಡಿಯಬೇಕು. ಠಣ್ ಎಂದರೆ ಸರಿ. ಬೊದ್ದು ಸಪ್ಪಳ ಬಂದರೆ ಒಳಗೆ ಬಿರುಕಿದೆ, ಅಂಥದ್ದನ್ನು ಅಂಗಡಿಗೆ ಮರಳಿಸಬೇಕು.