ಗೇರ್ ಬಾಕ್ಸ್ ಇಳಿಸುವ ಮೊದಲು

ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಗ್ಯಾರೇಜ್ ಇಟ್ಟವನಿಗೆ ಪಿಕಪ್ ಗಾಡಿಗಳೇ ಅನ್ನ. ಮಂಗಳೂರಿನ ಮೀನು ಶಿರಾಡಿ ಘಾಟಿ ಹತ್ತಿ ಬರುತ್ತದೆ, ಹಾಸನ ಸೀಮೆಯ ಶುಂಠಿ, ಆಲೂಗಡ್ಡೆ ಇಳಿದು ಹೋಗುತ್ತದೆ. ಹೊರುವವು ಐದು ಗೇರಿನ ಇವೇ ಗಾಡಿಗಳು. ‘ಗೇರ್ ಬಾಕ್ಸ್ ಹೋಗಿದೆ’ ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ತೊಂದರೆ ಇರುವುದು ಬಾಕ್ಸಿನ ಹೊರಗೆ. ನೋಡದೆ ಬಾಕ್ಸ್ ಇಳಿಸಿದರೆ ಆ ಖರ್ಚು ಎಷ್ಟೋ ಸಲ ಡ್ರೈವರನ ಸಂಬಳದಲ್ಲಿ ಕಡಿತವಾಗುತ್ತದೆ. ಅದನ್ನು ತಪ್ಪಿಸಬೇಕೆಂದೇ ಇಷ್ಟು ಬರೆದಿದ್ದೇನೆ.

1. ಗೇರ್ ಬೀಳುತ್ತಿಲ್ಲವೇ? ಮೊದಲು ಇಂಜಿನ್ ಆಫ್ ಮಾಡಿ ನೋಡಿ.

ಇಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ ಕೂಡಲೇ ಬಿಗಿಯಾದರೆ ಬಾಕ್ಸಿನಲ್ಲಿ ದೋಷವಿಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಒತ್ತಿದ ಮೇಲೂ ಪ್ಲೇಟು ಫ್ಲೈವೀಲಿನ ಜೊತೆ ಎಳೆದುಕೊಂಡು ತಿರುಗುತ್ತಿರುತ್ತದೆ. ರಿವರ್ಸ್ ಹಾಕುವಾಗ ಕರ್ರ್ ಎನ್ನುವುದೂ ಹೆಚ್ಚಾಗಿ ಇದರಿಂದಲೇ. ಬಹುಪಾಲು ಬಾಕ್ಸುಗಳಲ್ಲಿ ರಿವರ್ಸಿಗೆ ಸಿಂಕ್ರೊ ರಿಂಗ್ ಇರುವುದಿಲ್ಲ, ಹಾಗಾಗಿ ಕ್ಲಚ್ಚಿನ ಎಳೆತ ಅಲ್ಲಿ ಮೊದಲು ಕಿವಿಗೆ ಬೀಳುತ್ತದೆ.

ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದಾಗ ಗೇರ್ ಬಿದ್ದರೆ ಲೈನಿಗೆ ಗಾಳಿ ಹೊಕ್ಕಿರುತ್ತದೆ, ಇಲ್ಲವೇ ಸಿಲಿಂಡರಿನ ಸೀಲು ಸೋತಿರುತ್ತದೆ. ಗಾಡಿ ಕೆಳಗೆ ನುಗ್ಗಿ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಬೆರಳಲ್ಲಿ ಸರಿಸಿ. ಒಳಗೆ ಒದ್ದೆ ಇದ್ದರೆ ಅದೇ ಕಳ್ಳ. ಕ್ಲಚ್ಚಿನ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಿಲಿಂಡರು ಬಾಳುತ್ತದೆ. ಇಂಜಿನ್ ಆಫ್ ಇದ್ದಾಗಲೂ ಗೇರ್ ಬೀಳದಿದ್ದರೆ ಲಿವರಿನ ಲಿಂಕ್, ಕೇಬಲ್ ನೋಡಿ. ಬಾಕ್ಸಿನ ಸರದಿ ಆಮೇಲೆ.

2. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳಿ.

ಗಾಡಿ ನಿಂತಿರಲಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲಿ. ಪೆಡಲ್ ಬಿಟ್ಟಾಗ ಗುಂಯ್ ಅನ್ನುತ್ತಿದ್ದದ್ದು ಒತ್ತಿದ ಕೂಡಲೇ ನಿಂತರೆ ಬಾಕ್ಸಿನೊಳಗಿನ ಬೇರಿಂಗ್, ಹೆಚ್ಚಾಗಿ ಇನ್‌ಪುಟ್ ಶಾಫ್ಟಿನದು. ಒತ್ತಿದಾಗ ಮಾತ್ರ ಕಿರ್ ಎಂದರೆ ರಿಲೀಸ್ ಬೇರಿಂಗ್. ಓಡುವಾಗ ವೇಗದ ಜೊತೆಗೇ ಏರಿ, ನ್ಯೂಟ್ರಲ್ ಮಾಡಿದರೂ ಹೋಗದಿದ್ದರೆ ಹಿಂದಿನ ಹೌಸಿಂಗ್ ಅಥವಾ ಜಾಯಿಂಟ್ ಶಾಫ್ಟಿನ ಸೆಂಟರ್ ಬೇರಿಂಗ್ ನೋಡಬೇಕು. ಹೊರಡುವಾಗ ಒಂದೇ ಟಕ್ ಬಂದರೆ ಜಾಯಿಂಟ್ ಕ್ರಾಸ್ ಸವೆದಿದೆಯೋ ನೋಡಿ. ಕೈಯಲ್ಲಿ ಅಲ್ಲಾಡಿಸಿದರೇ ತಿಳಿಯುತ್ತದೆ.

3. ಹಳೇ ಗೇರ್ ಆಯಿಲನ್ನು ಬಿಸಿಲಿಗೆ ಹಿಡಿದು ನೋಡದೆ ಚೆಲ್ಲಬೇಡಿ.

ಗಾಡಿ ಓಡಿ ಬಂದು ಬಾಕ್ಸ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ, ಅಗಲವಾದ ಚೊಕ್ಕ ಟ್ರೇಗೆ. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದರ ತುದಿಗೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿರುತ್ತದೆ. ಅದು ಸಹಜ ಸವೆತ, ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಈಗ ಟ್ರೇಯನ್ನು ಬಿಸಿಲಿನಲ್ಲಿ ನಿಧಾನ ವಾಲಿಸಿ. ಎಣ್ಣೆ ಸರಿದ ಜಾಗದಲ್ಲಿ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಅದು ಹಿತ್ತಾಳೆಯದು, ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಸಿಂಕ್ರೊ ರಿಂಗ್ ಕರಗುತ್ತಿದೆ. ಎರಡು, ಮೂರನೇ ಗೇರಿಗೆ ಇಳಿಸುವಾಗ ಕರಕರ ಎನ್ನುತ್ತಿದ್ದರೆ ಅನುಮಾನವೇ ಬೇಡ. ಇಂಥ ಬಾಕ್ಸನ್ನು ಇಳಿಸಲೇಬೇಕು, ತಡ ಮಾಡಿದಷ್ಟೂ ಬಿಲ್ ಬೆಳೆಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಬಾಕ್ಸಿನ ಮೇಲಿನ ಬ್ರೀದರ್ ತೆಗೆದು ತೊಳೆಯಿರಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಆಯಿಲ್ ಸೀಲಿನಿಂದ ಹೊರಬರುತ್ತದೆ, ಸೀಲು ಎಷ್ಟು ಬದಲಿಸಿದರೂ ಸೋರುತ್ತದೆ.

4. ಹೌಸಿಂಗಿನ ಆಯಿಲ್ ಗೇರ್ ಬಾಕ್ಸಿಗೆ ಬೇಡ.

ಡಬ್ಬಿಯ ಮೇಲೆ 80W-90 ಎಂದಿದ್ದರೆ ಸಾಲದು, ಪಕ್ಕದಲ್ಲಿ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ಓದಿ. ಹೌಸಿಂಗಿನ ಕ್ರೌನ್-ಪಿನಿಯನ್ನಿಗೆ ಜಿಎಲ್-5 ಬೇಕು. ಅದರಲ್ಲಿ ಹೆಚ್ಚಾಗಿರುವ ಗಂಧಕ-ರಂಜಕದ ಸೇರ್ಪಡೆ ಹಿತ್ತಾಳೆ ರಿಂಗನ್ನು ತಿನ್ನಬಹುದು. ಗಾಡಿಯ ಪುಸ್ತಕ ಜಿಎಲ್-4 ಎಂದರೆ ಅದನ್ನೇ ಹಾಕಿ.

5. ಕ್ಲಚ್ ಸುಟ್ಟಿದ್ದು ಯಾರಿಂದ ಎಂದು ಕೇಳುವ ಮುನ್ನ ಲೋಡ್ ಕೇಳಿ.

ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ. ಪ್ಲೇಟ್ ಸವೆದ ಲಕ್ಷಣ ಇದು. ಓನರ್ ತಕ್ಷಣ ಡ್ರೈವರನ ಕಡೆ ಬೆರಳು ಮಾಡುತ್ತಾರೆ. ಅವನ ಪಾಲೂ ಇರಬಹುದು. ಘಾಟಿಯ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸುವುದು, ಸುಮ್ಮನೆ ಓಡಿಸುವಾಗಲೂ ಪೆಡಲಿನ ಮೇಲೆ ಕಾಲಿಟ್ಟಿರುವುದು ಪ್ಲೇಟನ್ನು ತಿನ್ನುತ್ತವೆ. ಹ್ಯಾಂಡ್ ಬ್ರೇಕ್ ಎಳೆದು, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುತ್ತಾ ಬಂದಾಗ ಬ್ರೇಕ್ ಬಿಡುವ ಅಭ್ಯಾಸ ಹುಡುಗರಿಗೆ ಹೇಳಿಕೊಡಲೇಬೇಕು.

ಆದರೆ ಆ ಬ್ರೇಕ್ ಹಿಡಿಯುವಂತೆ ಇಟ್ಟಿದ್ದೀರಾ? ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಿ ಕಳಿಸಿದವರು ಯಾರು? ಅಷ್ಟು ಭಾರವನ್ನು ಏರಿನಲ್ಲಿ ಕದಲಿಸಲು ಎಂಥ ಪಳಗಿದ ಕಾಲೂ ಕ್ಲಚ್ ಜಾರಿಸಲೇಬೇಕಾಗುತ್ತದೆ. ಇಂಥ ಗಾಡಿಯ ಫ್ಲೈವೀಲಿನ ಮೇಲೆ ನೀಲಿ ಕಲೆಗಳೇ ಇರುತ್ತವೆ. ಅಲ್ಲಿಂದ ಮುಂದೆ ಪೆಟ್ಟು ಹಲ್ಲು, ಬೇರಿಂಗು, ಕ್ರೌನಿಗೂ ಹೋಗುತ್ತದೆ. 2019ರ ತಿದ್ದುಪಡಿಯಾದ ಮೇಲೆ ಕಾಯ್ದೆಯಲ್ಲಿ ಹೆಚ್ಚು ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಓವರ್‌ಲೋಡಿನಲ್ಲಿ ಸುಟ್ಟ ಪ್ಲೇಟಿನ ದುಡ್ಡನ್ನು ಡ್ರೈವರನಿಂದ ಹಿಡಿಯುವುದು ಅನ್ಯಾಯ. ಇದನ್ನು ಓನರುಗಳ ಮುಖಕ್ಕೇ ಹೇಳುತ್ತೇನೆ.

6. ಬಾಕ್ಸ್ ಇಳಿಸಿದ ಮೇಲೆ ಕಂಜೂಸು ಮಾಡಬೇಡಿ.

ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಕ್ರ್ಯಾಂಕಿನ ಹಿಂದಿನ ಸೀಲು ಜಿನುಗುತ್ತಿದ್ದರೆ ಅದನ್ನೂ ಹಾಕಿ, ಹೊಸ ಪ್ಲೇಟಿಗೆ ಎಣ್ಣೆ ಬಿದ್ದರೆ ಮತ್ತೆ ಅದೇ ಕೂಲಿ. ಗೇರ್ ತಾನಾಗಿ ಜಿಗಿಯುತ್ತದೆ ಎಂದು ಬಂದ ಗಾಡಿಯಾದರೆ ಇಂಜಿನ್ ಮತ್ತು ಬಾಕ್ಸಿನ ಮೌಂಟಿಂಗ್ ರಬ್ಬರುಗಳನ್ನು ಮೊದಲೇ ನೋಡಿ. ಅವು ಗಟ್ಟಿ ಇದ್ದರೆ ಫೋರ್ಕ್, ಸ್ಲೀವು, ಬಾಲ್-ಸ್ಪ್ರಿಂಗ್. ಲಿವರಿನ ಮೇಲೆ ಸದಾ ಕೈ ಒರಗಿಸುವವರ ಗಾಡಿಯಲ್ಲಿ ಫೋರ್ಕ್ ಬೇಗ ಸವೆಯುತ್ತದೆ.

7. ಕೆಟ್ಟ ಗಾಡಿಯನ್ನು ಎಳೆಯುವ ಮುನ್ನ ಜಾಯಿಂಟ್ ಶಾಫ್ಟ್ ಬಿಚ್ಚಿ.

ಘಾಟಿ ಬುಡದ ಗುಂಡ್ಯದ ಹತ್ತಿರ ನಿಂತ ಗಾಡಿಯನ್ನು ನ್ಯೂಟ್ರಲ್ ಮಾಡಿ ಹಗ್ಗ ಕಟ್ಟಿ ಎಳೆದು ತರುತ್ತಾರೆ. ಹಿಂದಿನ ಚಕ್ರ ತಿರುಗಿದಾಗ ಬಾಕ್ಸಿನ ಮೇನ್ ಶಾಫ್ಟೂ ತಿರುಗುತ್ತದೆ. ಇಂಜಿನ್ ಆಫ್ ಇರುವುದರಿಂದ ಎಣ್ಣೆಯನ್ನು ಎರಚುವ ಲೇ ಶಾಫ್ಟ್ ಮಾತ್ರ ತಿರುಗುವುದಿಲ್ಲ. ಅಷ್ಟು ದೂರವೂ ಬೇರಿಂಗುಗಳು ಒಣಗಿಯೇ ಓಡುತ್ತವೆ. ಹಿಂದಿನ ಫ್ಲಾಂಜಿನ ನಾಲ್ಕು ಬೋಲ್ಟ್ ಬಿಚ್ಚಿ ಶಾಫ್ಟನ್ನು ಚಾಸಿಗೆ ಬಿಗಿಯಾಗಿ ಕಟ್ಟಿದರೆ ಈ ಹಾನಿ ಇಲ್ಲ. ಬಿಚ್ಚುವ ಮೊದಲು ಎರಡು ಫ್ಲಾಂಜಿಗೂ ಸೇರಿ ಒಂದು ಪೇಂಟ್ ಗೆರೆ ಎಳೆಯಿರಿ, ಗೆರೆಗೆ ಗೆರೆ ಕೂಡಿಸಿಯೇ ಮತ್ತೆ ಜೋಡಿಸಿ. ತಪ್ಪಿದರೆ ವೇಗ ಏರಿದಾಗ ಗಾಡಿ ಅದುರಬಹುದು, ಅದಕ್ಕೂ ಗೇರ್ ಬಾಕ್ಸಿನ ಹೆಸರೇ ಬರುತ್ತದೆ.